ಟೈರ್ ಐರನ್ ಅಂದ್ರೆ ಇಸ್ತ್ರಿಪೆಟ್ಟಿಗೆ ಅಲ್ಲ

ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ ಒಂದು ಬೆಳಗ್ಗೆ ಮೆಸೇಜ್ ಬಂತು. ‘ಯಾರ ಹತ್ರ ಆದ್ರೂ ಟೈರ್ ಐರನ್ ಇದೆಯಾ? ಅರ್ಜೆಂಟ್.’ ಕಳಿಸಿದವರು ಅಮೆರಿಕದಲ್ಲಿ ಬಹಳ ವರ್ಷ ಇದ್ದು ಬಂದವರು. ಮೊದಲು ಉತ್ತರ ಕೊಟ್ಟಿದ್ದು ಮೂರನೇ ಮಹಡಿಯ ಆಂಟಿ. ‘ಐರನ್ ಬಾಕ್ಸ್ ಇದೆ, ಕೆಳಗೆ ಕಳಿಸ್ಲಾ?’ ಆಮೇಲೆ ಸಾಲಾಗಿ ನಗುವ ಮುಖಗಳು. ಕೊನೆಗೆ ಸೆಕ್ಯುರಿಟಿಯವರು ಬೇಸ್‌ಮೆಂಟಿಗೆ ಹೋಗಿ ನೋಡಿಕೊಂಡು ಬಂದು, ‘ಸಾರ್‌ಗೆ ವೀಲ್ ಸ್ಪ್ಯಾನರ್ ಬೇಕಂತೆ’ ಅಂದರು. ಕಾರಿನ ಚಕ್ರದ ನಟ್ಟು ಬಿಚ್ಚುವ ಕಡ್ಡಿ. ಎರಡು ನಿಮಿಷದಲ್ಲಿ ಸಿಕ್ಕಿತು.

ಅವರು ಕೇಳಿದ್ದರಲ್ಲಿ ತಪ್ಪೇನಿಲ್ಲ. ಅಲ್ಲಿನ ಮಾತಿನಲ್ಲಿ ಅದಕ್ಕೆ ಹಾಗೆಯೇ ಹೇಳುತ್ತಾರೆ. ಸ್ವಲ್ಪ ಕಟ್ಟುನಿಟ್ಟಿನವರು ಲಗ್ ರೆಂಚ್ ಅನ್ನುತ್ತಾರೆ. ಬ್ರಿಟನ್ನಿನಲ್ಲಿ ಅದೇ ವಸ್ತು ವೀಲ್ ಬ್ರೇಸ್. ನಮ್ಮಲ್ಲಿ ವೀಲ್ ಸ್ಪ್ಯಾನರ್. ಶಿವಾಜಿನಗರದ ಕಡೆಯ ಉರ್ದು ಮಾತಾಡುವ ಮೆಕ್ಯಾನಿಕ್‌ಗಳ ಬಾಯಲ್ಲಿ, ಆ ಕಡೆ ಹುಬ್ಬಳ್ಳಿಯಲ್ಲೂ, ಪಾನಾ. ಇಷ್ಟೆಲ್ಲ ಹೆಸರು ಇರುವುದು ಒಂದು ಮೊಳಕ್ಕಿಂತ ಚಿಕ್ಕದಾದ, ಎಲ್ ಆಕಾರಕ್ಕೆ ಬಗ್ಗಿಸಿದ ಒಂದು ಕಬ್ಬಿಣದ ಕಡ್ಡಿಗೆ. ಅದರ ಒಂದು ತುದಿಯಲ್ಲಿ ನಟ್ಟು ಕೂರುವ ಬಟ್ಟಲು. ಇನ್ನೊಂದು ತುದಿ ಬಡಿದು ಚಪ್ಪಟೆ ಮಾಡಿದ್ದು.

ಆ ಚಪ್ಪಟೆ ತುದಿ ಯಾಕೆ ಅಂತ ಕೇಳಿದರೆ ಜಾಸ್ತಿ ಜನ ವೀಲ್ ಕ್ಯಾಪ್ ಎಬ್ಬಿಸೋಕೆ ಅನ್ನುತ್ತಾರೆ. ಈಗ ಕೆಲಸ ಅಷ್ಟೇ, ನಿಜ. ಆದರೆ ಟೈರ್ ಐರನ್ ಅನ್ನುವ ಹೆಸರಿನ ಗುಟ್ಟು ಇರುವುದು ಅಲ್ಲೇ.

ಕಾರು ಹುಟ್ಟಿದ ಹೊಸತರಲ್ಲಿ ಚಕ್ರ ಬದಲಾಯಿಸುವುದು ಅನ್ನುವ ಕೆಲಸವೇ ಇರಲಿಲ್ಲ. ಮರದ ಅರಗಳ ಚಕ್ರ ಗಾಡಿಗೆ ಕಚ್ಚಿಕೊಂಡೇ ಇರುತ್ತಿತ್ತು. ಪಂಚರ್ ಆದರೆ ದಾರಿಯಲ್ಲೇ ಕೂತು ರಿಮ್ಮಿನಿಂದ ಟೈರನ್ನು ಮೀಟಿ ಎಬ್ಬಿಸಬೇಕು. ಟ್ಯೂಬ್ ಹೊರಗೆಳೆದು ತೇಪೆ ಹಾಕಬೇಕು. ಮತ್ತೆ ಟೈರ್ ಕೂರಿಸಿ ಕೈಪಂಪಿನಲ್ಲಿ ಗಾಳಿ ಹೊಡೆಯಬೇಕು. ಆ ಮೀಟುವ ಚಪ್ಪಟೆ ಕಬ್ಬಿಣವೇ ಟೈರ್ ಐರನ್. ನಟ್ಟಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ. ಸೈಕಲ್ ಶಾಪಿನವರು ಇವತ್ತಿಗೂ ಚಮಚದ ಹಿಡಿಯಷ್ಟಿರುವ ಎರಡು ಲಿವರ್ ಇಟ್ಟುಕೊಂಡು ಟೈರ್ ಬಿಚ್ಚುತ್ತಾರಲ್ಲ, ಅದರ ದೊಡ್ಡಣ್ಣ. ಕನ್ನಡದಲ್ಲಿ ಇಂಥದ್ದಕ್ಕೆ ಸನ್ನೆಗೋಲು ಅನ್ನುವ ಒಳ್ಳೆಯ ಪದ ಇದೆ. ಕಲ್ಲು ಎಬ್ಬಿಸುವವರು ಬಳಸಿದರು, ಟೈರ್ ಎಬ್ಬಿಸುವವರು ಬಳಸಲಿಲ್ಲ.

1904ರಲ್ಲಿ ವೇಲ್ಸ್‌ನ ಲಾನೆಲ್ಲಿ ಅನ್ನುವ ಊರಿನಲ್ಲಿ ವಾಲ್ಟರ್ ಡೇವಿಸ್, ಟಾಮ್ ಡೇವಿಸ್ ಅನ್ನುವ ಅಣ್ಣತಮ್ಮಂದಿರು ಒಂದು ಉಪಾಯ ಮಾಡಿದರು. ಅರಗಳೇ ಇಲ್ಲದ ಒಂದು ರಿಮ್ಮು, ಅದರ ಮೇಲೆ ಗಾಳಿ ತುಂಬಿದ ಟೈರು. ಪಂಚರ್ ಆದ ಚಕ್ರದ ಪಕ್ಕಕ್ಕೆ ಅದನ್ನು ಹಿಡಿಕೆಗಳಿಂದ ಬಿಗಿದರೆ ಮನೆ ಸೇರಬಹುದು. ಅವರ ಅಂಗಡಿ ಇದ್ದದ್ದು ಸ್ಟೆಪ್ನಿ ಸ್ಟ್ರೀಟ್‌ನಲ್ಲಿ. ಚಕ್ರಕ್ಕೂ ಅದೇ ಹೆಸರಿಟ್ಟರು. ಬ್ರಿಟನ್ನಿನಲ್ಲಿ ಇವತ್ತು ಆ ಪದ ಹೇಳಿದರೆ ಲಂಡನ್ನಿನ ಒಂದು ಬಡಾವಣೆ ನೆನಪಾಗಬಹುದು ಅಷ್ಟೇ. ನಮ್ಮಲ್ಲಿ ಮಾತ್ರ ಸ್ಪೇರ್ ವೀಲ್ ಅಂದರೆ ಅದು ಸ್ಟೆಪ್ನಿಯೇ. ಮಾಲ್ಟಾದಲ್ಲೂ ಹಾಗೇ ಅನ್ನುತ್ತಾರೆ, ಬ್ರೆಜಿಲ್‌ನವರು ಎಸ್ಟೆಪಿ ಅನ್ನುತ್ತಾರೆ. ಬೆಂಗಳೂರಿನ ಪಂಚರ್ ಅಂಗಡಿಯವನು ದಿನಕ್ಕೆ ಎಷ್ಟು ಸಲ ಆ ವೇಲ್ಸ್ ಬೀದಿಯ ಹೆಸರು ಹೇಳುತ್ತಾನೋ ಏನೋ. ಈ ಪದವನ್ನು ಹೆಂಗಸರ ಬಗ್ಗೆ ಹಗುರವಾಗಿ ಆಡಲು ಬಳಸುವವರೂ ಇದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಸ್ಟೆಪ್ನಿ ಬಂದ ಸ್ವಲ್ಪ ಕಾಲಕ್ಕೆ ಇಡೀ ಚಕ್ರವನ್ನೇ ಬಿಚ್ಚಿ ಹಾಕುವ ವ್ಯವಸ್ಥೆ ಬಂತು. ದಾರಿಯಲ್ಲಿ ಮಾಡಬೇಕಾದ ಕೆಲಸವೇ ಬದಲಾಯಿತು. ಮೀಟುವುದು ಹೋಗಿ ತಿರುಗಿಸುವುದು ಮುಖ್ಯವಾಯಿತು. ಆದರೂ ಟ್ಯೂಬ್ ಇದ್ದಷ್ಟು ಕಾಲ ಮೀಟುವ ಕೆಲಸವೂ ಪೂರ್ತಿ ಹೋಗಲಿಲ್ಲ. ಎರಡು ಕಬ್ಬಿಣ ಯಾಕೆ, ಒಂದರಲ್ಲೇ ಎರಡೂ ಆಗಲಿ ಅಂತ ಒಂದು ತುದಿಗೆ ಬಟ್ಟಲು, ಇನ್ನೊಂದು ತುದಿಗೆ ಚಪ್ಪಟೆ ಬಾಯಿ ಬಂತು. ಅಮೆರಿಕದವರ ನಾಲಿಗೆ ಚಪ್ಪಟೆ ತುದಿಯ ಹೆಸರನ್ನೇ ಹಿಡಿದುಕೊಂಡಿತು. ಟ್ಯೂಬ್‌ಲೆಸ್ ಟೈರ್ ಬಂದು, ಮನೆಯಲ್ಲಿ ಯಾರೂ ಟೈರ್ ಮೀಟದ ಕಾಲ ಬಂದರೂ ಹೆಸರು ಹಾಗೆಯೇ ಉಳಿಯಿತು. ಲಗ್ ರೆಂಚ್ ಅನ್ನುವವರು ಇನ್ನೊಂದು ತುದಿ ಹಿಡಿದರು. ಲಗ್ ಅಂದರೆ ಸ್ಕಾಟ್ಲೆಂಡಿನವರ ಬಾಯಲ್ಲಿ ಈಗಲೂ ಕಿವಿ. ಹೊರಗೆ ಚಾಚಿಕೊಂಡ ಗುಬುಟಿಗೆಲ್ಲ ಅದೇ ಹೆಸರು. ನಾವು ಕೊಪ್ಪರಿಗೆಗೆ ಕಿವಿ ಇದೆ ಅನ್ನುತ್ತೇವಲ್ಲ, ಹಾಗೆ. ರೆಂಚ್ ಅಂದರೆ ತಿರುಚುವುದು.

ಬ್ರಿಟಿಷರ ಬ್ರೇಸ್ ಬಡಗಿಯ ಮನೆಯಿಂದ ಬಂದದ್ದು. ಮರಕ್ಕೆ ತೂತು ಕೊರೆಯಲು ನಡುವೆ ಬಗ್ಗಿದ ಹಿಡಿಯನ್ನು ಗರಗರ ಸುತ್ತುತ್ತಾರಲ್ಲ, ನಮ್ಮ ಬೈರಿಗೆಯ ಜಾತಿಯ ಆ ಉಪಕರಣವೇ ಬ್ರೇಸ್. ಹಳೆಯ ಕಾರುಗಳ ಜೊತೆ ಕೊಡುತ್ತಿದ್ದ ಸ್ಪ್ಯಾನರುಗಳಲ್ಲಿ ಕೆಲವು ಅದೇ ಆಕಾರದವು. ಸಡಿಲವಾದ ನಟ್ಟನ್ನು ಬೇಗ ಬೇಗ ಸುತ್ತಿ ತೆಗೆಯಬಹುದಿತ್ತು. ಈಗ ಆ ಬಾಗು ಇಲ್ಲ. ಹೆಸರು ಇದೆ.

ಇನ್ನು ನಮ್ಮ ಸ್ಪ್ಯಾನರ್. ಇದು ಬಂದೂಕಿನ ಮಾತು ಅಂದರೆ ನಂಬುವುದು ಕಷ್ಟ. ಜರ್ಮನ್ನಿನಲ್ಲಿ ಸ್ಪಾನೆನ್ ಅಂದರೆ ಎಳೆದು ಬಿಗಿ ಮಾಡುವುದು. 17ನೇ ಶತಮಾನದಲ್ಲಿ ಇಂಗ್ಲಿಷಿಗೆ ಈ ಪದ ಬಂದಾಗ ಅದು ವೀಲ್‌ಲಾಕ್ ಅನ್ನುವ ಬಂದೂಕಿನ ಕೀಲಿಕೈ. ಆ ಬಂದೂಕಿನಲ್ಲಿ ಒಂದು ಸಣ್ಣ ಉಕ್ಕಿನ ಚಕ್ರ ಇರುತ್ತಿತ್ತು. ಕೀಲಿಕೈ ಹಾಕಿ ತಿರುಗಿಸಿದರೆ ಅದರ ಸ್ಪ್ರಿಂಗ್ ಬಿಗಿಯಾಗುತ್ತಿತ್ತು. ಕುದುರೆ, ಅಂದರೆ ಟ್ರಿಗರ್, ಎಳೆದಾಗ ಚಕ್ರ ಗಿರ್ರನೆ ತಿರುಗಿ ಕಲ್ಲಿಗೆ ಉಜ್ಜಿ ಕಿಡಿ ಹಾರಿಸುತ್ತಿತ್ತು. ಅಂದರೆ ಮೊದಲ ಸ್ಪ್ಯಾನರ್ ಕೂಡ ಒಂದು ರೀತಿಯಲ್ಲಿ ವೀಲ್ ಸ್ಪ್ಯಾನರೇ!

ಸ್ಕ್ರೂಡ್ರೈವರಿಗೆ ತಿರುಪುಳಿ ಅನ್ನುವ ಪದ ಇದೆ, ಅಲ್ಲೊಬ್ಬರು ಇಲ್ಲೊಬ್ಬರು ಆಡುತ್ತಾರೆ. ಸ್ಪ್ಯಾನರಿಗೆ ಅಂಥದ್ದೊಂದು ಬಳಕೆಗೆ ಬರಲಿಲ್ಲ. ಇದಕ್ಕೆ ಹೊಸ ಪದ ಕಟ್ಟಬೇಕು ಅಂತ ನನಗೇನೂ ಅನ್ನಿಸಿಲ್ಲ. ಜೆಸಿ ರಸ್ತೆಯ ಬಿಡಿಭಾಗದ ಅಂಗಡಿಗೆ ಹೋಗಿ ಚಕ್ರತಿರುಪು ಕೊಡಿ ಅಂದರೆ ಮಿಂಟೋ ಕಣ್ಣಿನ ಆಸ್ಪತ್ರೆಯ ದಾರಿ ತೋರಿಸುತ್ತಾರೆ.

ನಿಜ ಹೇಳಬೇಕೆಂದರೆ ಆ ಅಂಗಡಿಗಳಲ್ಲಿ ನಾವು ಏನಂತ ಕೇಳಿದರೂ ನಡೆಯುತ್ತದೆ. ವೀಲ್ ಸ್ಪ್ಯಾನರ್ ಅನ್ನಿ, ಪಾನಾ ಅನ್ನಿ, ‘ಸ್ಟೆಪ್ನಿ ಚೇಂಜ್ ಮಾಡೋದು’ ಅನ್ನಿ. ಕೌಂಟರಿನ ಆಚೆಯವರು ತಲೆ ಎತ್ತದೆ ಒಂದೇ ಪ್ರಶ್ನೆ ಕೇಳುತ್ತಾರೆ. ‘ಯಾವ್ ಗಾಡಿಗೆ ಸಾರ್?’ ಅವರಿಗೆ ಬೇಕಿರುವುದು ನಂಬರ್. ಮಾರುತಿಯ ಸಣ್ಣ ಕಾರುಗಳಾದರೆ ಸಾಮಾನ್ಯವಾಗಿ 19. ಹ್ಯುಂಡೈ, ಟೊಯೊಟಾ ಆದರೆ 21. ಫೋಕ್ಸ್‌ವ್ಯಾಗನ್ ಆದರೆ 17, ಅದರಲ್ಲಿ ನಟ್ಟೂ ಅಲ್ಲ, ಬೋಲ್ಟೇ ಬಂದು ಚಕ್ರ ಹೊರುವ ಹಬ್ಬಿನೊಳಗೆ ಕೂರುತ್ತದೆ. ಈ ನಂಬರ್ ನಟ್ಟಿನ ಎದುರುಬದುರು ಎರಡು ಮಗ್ಗುಲ ನಡುವಿನ ಅಗಲ, ಮಿಲಿಮೀಟರಿನಲ್ಲಿ. ಒಳಗಿನ ಬೋಲ್ಟಿನ ದಪ್ಪ ಬೇರೆ. 19ರ ನಟ್ಟಿನೊಳಗೆ ಇರುವ ಬೋಲ್ಟು 12 ಮಿಲಿಮೀಟರಿನದು.

ಗ್ಯಾರೇಜಿನಲ್ಲಿ ನಂಬರೇ ಹೆಸರು. ಗಾಡಿಯ ಅಡಿಯಲ್ಲಿ ಮಲಗಿದ ಮೇಸ್ತ್ರಿ ಕೈ ಮಾತ್ರ ಹೊರಗೆ ಚಾಚಿ, ‘ಲೋ, ಟೆನ್‌-ಲೆವೆನ್ ಕೊಡೋ’ ಅನ್ನುತ್ತಾನೆ. ಹುಡುಗ ಟ್ರೇನಲ್ಲಿ ಸದ್ದು ಮಾಡಿ ಒಂದನ್ನು ಆರಿಸಿ ಕೈಗಿಡುತ್ತಾನೆ. ಒಂದು ಬಾಯಿ 10, ಇನ್ನೊಂದು ಬಾಯಿ 11. ಹಾಗೆಯೇ ಟ್ವೆಲ್ವ್-ಥರ್ಟೀನ್, ಫೋರ್ಟೀನ್-ಫಿಫ್ಟೀನ್. ಯಾರೂ ಸ್ಪ್ಯಾನರ್ ಅನ್ನುವ ಪದವನ್ನೇ ಆಡುವುದಿಲ್ಲ. ಕನ್ನಡ, ತಮಿಳು, ಉರ್ದು, ಮಲಯಾಳ ಎಲ್ಲ ಒಂದೇ ಶೆಡ್ಡಿನಲ್ಲಿ ದುಡಿಯುವ ಈ ಊರಿನಲ್ಲಿ ನಂಬರ್‌ಗಿಂತ ಒಳ್ಳೆಯ ಹೆಸರು ಇರಲಾರದು ಅನ್ನಿಸುತ್ತದೆ.

ಆದರೆ ನಂಬರ್ ಕೂಡ ಎಲ್ಲ ಕಾಲಕ್ಕೂ ಒಂದೇ ಮಾತು ಹೇಳುವುದಿಲ್ಲ. ಭಾನುವಾರದ ಗುಜರಿ ಸಂತೆಯಲ್ಲಿ ಹಳೆಯ ಬ್ರಿಟಿಷ್ ಸ್ಪ್ಯಾನರುಗಳು ಒಮ್ಮೊಮ್ಮೆ ಸಿಗುತ್ತವೆ. ಅದರ ಮೇಲೆ ಅರ್ಧ ಇಂಚು ಅಂತ ಕೆತ್ತಿರುತ್ತದೆ. ಅಳೆದು ನೋಡಿದರೆ ಬಾಯಿ ಅರ್ಧ ಇಂಚಿಗಿಂತ ಎಷ್ಟೋ ದೊಡ್ಡದು. ಮೋಸ ಅಲ್ಲ. ಇಂಗ್ಲೆಂಡಿನ ಎಂಜಿನಿಯರ್ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಸ್ಕ್ರೂ ತ್ರೆಡ್ಡಿಗೆ ಒಂದು ಅಳತೆ ಗೊತ್ತುಮಾಡಿದ. ಆ ಪದ್ಧತಿಯ ಸ್ಪ್ಯಾನರಿನ ಮೇಲೆ ಬರೆಯುತ್ತಿದ್ದದ್ದು ಬೋಲ್ಟಿನ ದಪ್ಪ, ನಟ್ಟಿನ ಅಗಲ ಅಲ್ಲ. ಈಗ ಬರೆಯುವುದು ನಟ್ಟಿನ ಅಗಲ. ಹಳೆಯ ಬ್ರಿಟಿಷ್ ಗಾಡಿ ಇಟ್ಟುಕೊಂಡವರಿಗೆ ಇದು ದಿನನಿತ್ಯದ ತಲೆನೋವು.

ಪದ ಎಡವಟ್ಟು ಮಾಡುವ ಇನ್ನೊಂದು ಜಾಗ ಪಂಚರ್ ಅಂಗಡಿ. ನಾವು ಮನೆಯಲ್ಲಿ ‘ಟೈರ್ ಬಿಚ್ಚಬೇಕು’ ಅನ್ನುವುದು ಚಕ್ರ ಕಳಚುವುದಕ್ಕೆ. ಅಂಗಡಿಯವನಿಗೆ ಟೈರ್ ಬಿಚ್ಚುವುದು ಅಂದರೆ ರಿಮ್ಮಿನಿಂದ ರಬ್ಬರ್ ಬೇರೆ ಮಾಡುವುದು. ಎರಡಕ್ಕೂ ಉಪಕರಣ ಬೇರೆ, ದುಡ್ಡೂ ಬೇರೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿದ್ದರೆ ಎಷ್ಟೋ ಸಲ ಎರಡೂ ಬೇಕಾಗುವುದಿಲ್ಲ. ಮೊಳೆ ಕಿತ್ತು, ಅಂಟು ಸವರಿದ ದಾರದಂಥ ಪಟ್ಟಿಯನ್ನು ಹೊರಗಿನಿಂದಲೇ ತುರುಕಿ ಮುಗಿಸುತ್ತಾರೆ. ಹಾಗಾಗಿ ಒಳ್ಳೆಯ ಅಂಗಡಿಯವನು ಮೊದಲೇ ಕೇಳುತ್ತಾನೆ, ‘ವೀಲ್ ಬಿಚ್ಚೋದಾ, ಟೈರ್ ಬಿಚ್ಚೋದಾ?’ ಔಟರ್ ರಿಂಗ್ ರೋಡಿನ ಬದಿಯಲ್ಲಿ ರಾಶಿ ಮೊಳೆ ಆಯ್ದು ತೋರಿಸಿದ ಒಬ್ಬ ಸಾಫ್ಟ್‌ವೇರ್ ಉದ್ಯೋಗಿಯ ಸುದ್ದಿ ಓದಿದ್ದವರಿಗೆ ಮೊಳೆ ಚೆಲ್ಲುವವರು ಈ ಅಂಗಡಿಯವರೇ ಏನೋ ಅನ್ನುವ ಒಂದು ಅನುಮಾನ ಇದ್ದೇ ಇರುತ್ತದೆ. ನನ್ನ ಅನುಭವದಲ್ಲಿ ಹೆಚ್ಚಿನವರು ಪ್ರಾಮಾಣಿಕರೇ.

ಪತ್ರಿಕೆಗಳಲ್ಲಂತೂ ಈ ವಸ್ತುವಿಗೆ ಹೆಸರೇ ಇಲ್ಲ. ಸಿಗ್ನಲ್ಲಿನಲ್ಲಿ ಗಾಡಿ ತಾಗಿ ಜಗಳವಾಗಿ ಒಬ್ಬ ಡಿಕ್ಕಿಯಿಂದ ಇದನ್ನು ತೆಗೆದು ಬೀಸಿದ ಅಂತಿಟ್ಟುಕೊಳ್ಳಿ. ಮರುದಿನ ಬರುವುದು ‘ಕಬ್ಬಿಣದ ರಾಡ್‌ನಿಂದ ಹಲ್ಲೆ’. ಅಮೆರಿಕದ ಪತ್ತೇದಾರಿ ಕಥೆಗಳಲ್ಲಿ ಟೈರ್ ಐರನ್ ಅಂತ ಹೆಸರು ಹಿಡಿದೇ ಬರೆಯುತ್ತಾರೆ. ಅದನ್ನು ಕನ್ನಡಕ್ಕೆ ತರುವವರು ಏನು ಮಾಡಬೇಕು? ವೀಲ್ ಸ್ಪ್ಯಾನರ್ ಅಂದರೆ ಸರಿ, ಓದುವವನ ಕಣ್ಣಿಗೆ ವಸ್ತು ಕಟ್ಟುತ್ತದೆ. ಟೈರ್ ಲಿವರ್ ಅಂದರೆ ಪದ ಸರಿ, ವಸ್ತು ತಪ್ಪು.

ಇಷ್ಟೆಲ್ಲ ಹೆಸರಿನ ಮಾತಾಡಿ ಅದನ್ನು ಬಳಸುವ ಬಗ್ಗೆ ಹೇಳದಿದ್ದರೆ ಹೇಗೆ? ಸ್ಪಾನೆನ್ ಅನ್ನುವ ಜರ್ಮನ್ ಮಾತು ಇಲ್ಲಿ ಕೆಲಸಕ್ಕೆ ಬರುತ್ತದೆ. ನಟ್ಟು ಬಿಗಿ ಮಾಡಿದಾಗ ಒಳಗಿನ ಬೋಲ್ಟು ನಿಜವಾಗಿಯೂ ಕೂದಲೆಳೆಯಷ್ಟು ಎಳೆದುಕೊಳ್ಳುತ್ತದೆ. ಎಳೆದದ್ದು ವಾಪಸ್ ಕುಗ್ಗಲು ನೋಡುತ್ತದೆ. ಆ ಹಿಡಿತದಲ್ಲೇ ಚಕ್ರ ಹಬ್ಬಿಗೆ ಅಂಟಿಕೊಂಡು ನಿಲ್ಲುತ್ತದೆ. ಕಡಿಮೆ ಎಳೆದರೆ ನಟ್ಟು ಸಡಿಲವಾಗುತ್ತದೆ. ಜಾಸ್ತಿ ಎಳೆದರೆ ಬೋಲ್ಟು ತನ್ನ ಗುಣ ಕಳೆದುಕೊಳ್ಳುತ್ತದೆ, ಕೊನೆಗೆ ತುಂಡಾಗುತ್ತದೆ.

ಸಣ್ಣ ಕಾರುಗಳಿಗೆ ಕಂಪನಿಗಳು ಹೇಳುವ ಬಿಗಿ ಸಾಮಾನ್ಯವಾಗಿ 85ರಿಂದ 110 ನ್ಯೂಟನ್ ಮೀಟರ್. ತಿರುಗಿಸುವ ಬಲದ ಅಳತೆ ಅದು. ಇದನ್ನು ಕೈಯ ಲೆಕ್ಕಕ್ಕೆ ಇಳಿಸೋಣ. ಕಾರಿನ ಜೊತೆ ಬರುವ ಕಡ್ಡಿ ಸುಮಾರು 25 ಸೆಂಟಿಮೀಟರ್ ಅಂದುಕೊಳ್ಳಿ. 100 ನ್ಯೂಟನ್ ಮೀಟರ್ ಬರಬೇಕಾದರೆ ಅದರ ತುದಿಯಲ್ಲಿ ಸುಮಾರು 40 ಕಿಲೋ ಭಾರ ಹಾಕಬೇಕು. ಅದೇ ಕಡ್ಡಿ 50 ಸೆಂಟಿಮೀಟರ್ ಇದ್ದರೆ 20 ಕಿಲೋ ಸಾಕು. ಮೆಕ್ಯಾನಿಕ್‌ಗಳು ಸ್ಪ್ಯಾನರಿಗೆ ಒಂದು ತುಂಡು ಪೈಪ್ ಸಿಕ್ಕಿಸುವುದು ಇದಕ್ಕೇ. ಸಪೂರದವರು, ವಯಸ್ಸಾದವರು ಸ್ಟೆಪ್ನಿ ಹಾಕಲಾರರು ಅನ್ನುವುದು ಸುಳ್ಳು. ಅವರಿಗೆ ಕೊಟ್ಟಿರುವ ಕಡ್ಡಿ ಗಿಡ್ಡ, ಅಷ್ಟೇ.

ಕೈಯಲ್ಲಿ ಆಗಲಿಲ್ಲ ಅಂತ ಅದರ ಮೇಲೆ ಹತ್ತಿ ನಿಲ್ಲುವವರನ್ನು ನೋಡಿರುತ್ತೀರಿ. ಬಿಚ್ಚುವಾಗ ಸರಿ. ಬಿಗಿಯುವಾಗ ಬೇಡ. 65 ಕಿಲೋ ತೂಕದವರು ಆ 25 ಸೆಂಟಿಮೀಟರಿನ ತುದಿಯಲ್ಲಿ ನಿಂತರೆ ಹತ್ತಿರ ಹತ್ತಿರ 160 ನ್ಯೂಟನ್ ಮೀಟರ್ ಆಗುತ್ತದೆ. ಕಂಪನಿ ಹೇಳಿದ್ದಕ್ಕಿಂತ ಎಷ್ಟೋ ಹೆಚ್ಚು.

ಬಿಚ್ಚುವಾಗ ಹತ್ತಿ ನಿಲ್ಲುವ ಪರಿಸ್ಥಿತಿ ಯಾಕೆ ಬರುತ್ತದೆ? ಟೈರ್ ಅಂಗಡಿಗಳ ಗಾಳಿಗನ್ನಿನಿಂದ. ಕಂಪ್ರೆಸರ್‌ಗೆ ಜೋಡಿಸಿದ ಆ ಗನ್ ನಟ್ಟಿನ ಮೇಲೆ ಟರ್ರ್ ಅಂತ ಒಂದಷ್ಟು ಹೊತ್ತು ಆಡಿತು ಅಂದರೆ ಮುಗಿಯಿತು. ಎಷ್ಟು ಬಿಗಿಯಾಯಿತು ಅಂತ ಯಾರಿಗೂ ಗೊತ್ತಿಲ್ಲ. ವೀಲ್ ಅಲೈನ್‌ಮೆಂಟಿಗೆ ಹೋದಾಗ ನಮ್ಮ ಬಡಾವಣೆಯ ಹತ್ತಿರದ ಒಂದು ಅಂಗಡಿಯಲ್ಲಿ ಹೀಗೆ ಬಿಗಿದು ಕೊಟ್ಟರು. ಆಮೇಲೆ ತುಮಕೂರು ರಸ್ತೆಯಲ್ಲಿ ಪಂಚರ್ ಆದಾಗ ಆ ನಟ್ಟು ಲಾರಿ ಡ್ರೈವರ್ ಒಬ್ಬರ ಉದ್ದನೆಯ ರಾಡಿಗೆ ಮಾತ್ರ ಜಗ್ಗಿತು. ಅವರು ಮೇಲಿಂದ ಒಂದು ಮಾತು ಹೇಳಿದರು. ‘ಗನ್ ಹೊಡೆಸಿದ್ರೆ ಕೊನೇ ಟೈಟು ಕೈಯಲ್ಲೇ ಮಾಡ್ಸಿ ಸಾರ್.’ ಅಂದಿನಿಂದ ನಾನು ಅಂಗಡಿಯಲ್ಲಿ ನಿಂತು ಹಾಗೇ ಮಾಡಿಸುತ್ತೇನೆ. ಹುಡುಗರು ಮುಖ ಸಿಂಡರಿಸುತ್ತಾರೆ. ಸಿಂಡರಿಸಲಿ.

ಉಳಿದ ಕ್ರಮ ಗೊತ್ತಿರುವವರಿಗೆ ಗೊತ್ತೇ ಇದೆ. ಹ್ಯಾಂಡ್ ಬ್ರೇಕ್ ಹಾಕಿ, ಜಾಕಿ ಏರಿಸುವ ಮೊದಲೇ, ಚಕ್ರ ನೆಲದ ಮೇಲೆ ಇರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲ ಮಾಡಬೇಕು. ಎತ್ತಿದ ಮೇಲೆ ಜಗ್ಗಿದರೆ ಚಕ್ರ ತಿರುಗುತ್ತದೆ, ಗಾಡಿ ಜಾಕಿಯಿಂದ ಜಾರುವ ಅಪಾಯ ಬೇರೆ. ಬಿಗಿಯುವಾಗ ಪಕ್ಕಪಕ್ಕದ ನಟ್ಟು ಅಲ್ಲ, ಎದುರುಬದುರಿನದು. ಕೊನೆಯ ಬಿಗಿ ಚಕ್ರ ನೆಲಕ್ಕೆ ಇಳಿದ ಮೇಲೆ. ಸ್ವಲ್ಪ ದೂರ ಓಡಿಸಿ ಇನ್ನೊಮ್ಮೆ ನೋಡಿದರೆ ಇನ್ನೂ ಒಳ್ಳೆಯದು. ಎಡಕ್ಕೆ ತಿರುಗಿಸಿದರೆ ಲೂಸು, ಬಲಕ್ಕೆ ಟೈಟು. ಹಳೆಯ ವಿಲ್ಲಿಸ್ ಜೀಪಿನ ಎಡಗಡೆಯ ಚಕ್ರಗಳಿಗೆ ಮಾತ್ರ ಇದು ಉಲ್ಟಾ. ಅದು ತಿಳಿಯದೆ ಲೂಸ್ ಮಾಡುತ್ತಿದ್ದೇನೆ ಅಂದುಕೊಂಡು ಬಿಗಿ ಮಾಡುತ್ತಲೇ ಹೋಗಿ ಬೋಲ್ಟು ಮುರಿದವರಿದ್ದಾರೆ.

ಒಂದು ಉಪಕರಣ ಕೊಳ್ಳುವುದಾದರೆ ಕ್ರಾಸ್ ಸ್ಪ್ಯಾನರ್ ತಗೊಳ್ಳಿ. ಪ್ಲಸ್ ಚಿಹ್ನೆಯ ಆಕಾರದ್ದು. ನಾಲ್ಕು ಬಾಯಿ, ಹೆಚ್ಚಾಗಿ 17, 19, 21, 23. ಒಂದು ಕೈಯಲ್ಲಿ ಒತ್ತಿ, ಇನ್ನೊಂದರಲ್ಲಿ ಎಳೆಯಬಹುದು. ಎರಡೂ ಕಡೆ ಸಮನಾಗಿ ಬಲ ಬೀಳುವುದರಿಂದ ನಟ್ಟಿನ ಮೇಲಿಂದ ಓರೆಯಾಗಿ ಜಾರುವುದಿಲ್ಲ. ಎಲ್ ಕಡ್ಡಿ ಜಾರಿ ಗೆಣ್ಣು ತರಚಿಕೊಂಡವರಿಗೆ ಇದರ ಬೆಲೆ ಗೊತ್ತು. ಡಿಕ್ಕಿಯಲ್ಲಿ ಜಾಗ ಜಾಸ್ತಿ ತಿನ್ನುತ್ತದೆ ಅನ್ನುವುದೊಂದೇ ದೂರು.

ಅಲಾಯ್ ವೀಲ್ ಇದ್ದವರು ಇನ್ನೊಂದು ನೋಡಿಕೊಳ್ಳಬೇಕು. ಕಳ್ಳರ ಭಯಕ್ಕೆ ಪ್ರತಿ ಚಕ್ರಕ್ಕೂ ಒಂದು ಲಾಕ್ ನಟ್ ಹಾಕಿಸಿರುತ್ತಾರೆ. ಅದಕ್ಕೆ ಯಾವ ಸ್ಪ್ಯಾನರೂ ಕೂರುವುದಿಲ್ಲ, ಅದರದೇ ಅಡಾಪ್ಟರ್ ಬೇಕು. ಅದು ಮನೆಯ ಶೋಕೇಸಿನಲ್ಲಿ ಇದ್ದರೆ ನೈಸ್ ರೋಡಿನಲ್ಲಿ ನಾಲ್ಕು ಬಾಯಿಯ ಸ್ಪ್ಯಾನರ್ ಇದ್ದೂ ಉಪಯೋಗವಿಲ್ಲ.

ಈಚಿನ ಕಾರುಗಳಲ್ಲಿ ಈ ಚರ್ಚೆಯೇ ಬೇಕಾಗದಿರಬಹುದು. 2020ರಲ್ಲಿ ಕೇಂದ್ರದ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. ಟ್ಯೂಬ್‌ಲೆಸ್ ಟೈರಿನ ಕಾರಿನಲ್ಲಿ ಗಾಳಿ ಕಡಿಮೆಯಾದರೆ ಎಚ್ಚರಿಸುವ ಸೆನ್ಸರೂ, ಟೈರ್ ರಿಪೇರಿ ಕಿಟ್ಟೂ ಇದ್ದರೆ ಸ್ಟೆಪ್ನಿ ಕೊಡಲೇಬೇಕು ಅಂತಿಲ್ಲ. ಎಲೆಕ್ಟ್ರಿಕ್ ಕಾರುಗಳಲ್ಲಿ ಬ್ಯಾಟರಿಗೆ ಜಾಗ ಬೇಕು, ಭಾರ ಕಡಿಮೆ ಇರಬೇಕು. ಹಾಗಾಗಿ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಹೋಯಿತು. ಅದರ ಹಿಂದೆಯೇ ಜಾಕಿ ಹೋಯಿತು, ಸ್ಪ್ಯಾನರೂ ಹೋಯಿತು. ಅವುಗಳ ಜಾಗದಲ್ಲಿ ಒಂದು ಪುಟ್ಟ ಕಂಪ್ರೆಸರ್, ಒಂದು ಬಾಟಲಿ ಅಂಟು ದ್ರವ.

ಮೊಳೆ ಚುಚ್ಚಿದ ಸಣ್ಣ ತೂತಿಗೆ ಆ ದ್ರವ ಸಾಕು. ಟೈರಿನ ಮಗ್ಗುಲು ಹರಿದರೆ ಏನೂ ಮಾಡಲಾರದು. ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗೆ ಚಕ್ರ ಇಳಿದಾಗ ಬೆಂಗಳೂರಿನಲ್ಲಿ ಹರಿಯುವುದು ಹೆಚ್ಚಾಗಿ ಮಗ್ಗುಲೇ. ಇನ್ನು ಆ ದ್ರವ ಹಾಕಿದ ಟೈರನ್ನು ಪಂಚರ್ ಅಂಗಡಿಗೆ ಒಯ್ದು ನೋಡಿ. ಒಳಗೆಲ್ಲ ಮೆತ್ತಿಕೊಂಡಿರುತ್ತದೆ, ಒರೆಸದೆ ತೇಪೆ ಕೂರುವುದಿಲ್ಲ. ನಮ್ಮ ಬೀದಿಯ ಅಂಗಡಿಯವರು ಟೈರ್ ಬಿಚ್ಚಿ ಒಳಗೆ ಇಣುಕಿ, ‘ಅಯ್ಯೋ ಗಮ್ ಹಾಕ್ಬಿಟ್ಟಿದೀರಾ’ ಅಂದು, ಕ್ಲೀನಿಂಗ್‌ಗೆ ಬೇರೆ ದುಡ್ಡು ಅಂತ ಮೊದಲೇ ಹೇಳಿಬಿಡುತ್ತಾರೆ.